ಹಳ್ಳಿ ಊಟ ‘ಹಲ್ಲಿ ಊಟ’ ಆಗದ ಹಾಗೆ ಬೋರ್ಡು ಬರೆಸುವುದು

ಬೋರ್ಡಿನಲ್ಲಿ ತಪ್ಪು ಕಂಡರೆ ಜನ ಅಂಗಡಿಯವನನ್ನು ಆಡಿಕೊಳ್ಳುತ್ತಾರೆ. ಅಂಗಡಿಯವನು ಪ್ರಿಂಟಿಂಗ್‌ನವನನ್ನು ಬೈಯುತ್ತಾನೆ, ಅವನು ಡಿಸೈನ್ ಮಾಡಿದ ಹುಡುಗನತ್ತ ಬೆರಳು ತೋರಿಸುತ್ತಾನೆ. ಹುಡುಗನ ಬಳಿ ಇರುವುದು ಒಂದೇ ಉತ್ತರ: ‘ನೀವು ಕಳಿಸಿದ್ದನ್ನೇ ಹಾಕಿದೀನಿ ಸಾರ್.’ ಬಹಳ ಸಲ ಅದು ಸುಳ್ಳೂ ಅಲ್ಲ. ಬಾಯಿಂದ ಚೀಟಿಗೆ, ಚೀಟಿಯಿಂದ ವಾಟ್ಸಾಪಿಗೆ, ಅಲ್ಲಿಂದ ಡಿಸೈನ್ ಕಂಪ್ಯೂಟರಿಗೆ, ಆಮೇಲೆ ಮೆಷಿನ್ನಿಗೆ, ಕೊನೆಗೆ ಗೋಡೆಗೆ ಹೋಗುವಷ್ಟರಲ್ಲಿ ಅಕ್ಷರ ಐದು ಸಲ ಕೈ ಬದಲಾಯಿಸಿರುತ್ತದೆ. ಕೈ ಬದಲಾಗುವ ಪ್ರತಿ ಜಾಗದಲ್ಲೂ ಏನು ನೋಡಬೇಕು ಎಂದು ಗೊತ್ತಿದ್ದರೆ ಎರಡನೇ ಸಲ ದುಡ್ಡು ಕೊಡುವುದು ತಪ್ಪುತ್ತದೆ.

ಮೊದಲು ಚೀಟಿ

ಬೋರ್ಡಿನ ಮಾತನ್ನು ಫೋನಿನಲ್ಲಿ ಹೇಳಿ ಬರೆಸಬೇಡಿ. ನಗೆಪಾಟಲಾಗುವ ತಪ್ಪುಗಳಲ್ಲಿ ಹೆಚ್ಚಿನವು ಕಿವಿಯ ತಪ್ಪುಗಳೇ. ಅವೂ ಎಲ್ಲೆಂದರಲ್ಲಿ ಬರುವುದಿಲ್ಲ, ನಾಲ್ಕೈದು ಜೋಡಿ ಅಕ್ಷರಗಳ ಸುತ್ತಲೇ ಸುಳಿಯುತ್ತವೆ.

ಎಲ್ಲಕ್ಕಿಂತ ಅಪಾಯದ ಜೋಡಿ ಲ ಮತ್ತು ಳ. ಹಳ್ಳಿ ಹಲ್ಲಿಯಾಗುತ್ತದೆ, ಬೆಳೆ ಬೆಲೆಯಾಗುತ್ತದೆ, ಬಾಳೆಹಣ್ಣು ‘ಬಾಲೆ ಹಣ್ಣು’ ಆಗುತ್ತದೆ. ಮೆನುವಿನಲ್ಲಂತೂ ಇದು ಬರೀ ನಗುವ ವಿಷಯವಲ್ಲ. ಕಾಳು ಸಾರು ಎಂಬುದೂ ಇದೆ, ಕಾಲು ಸಾರು ಎಂಬುದೂ ಇದೆ. ಒಂದು ಸಸ್ಯಾಹಾರ, ಇನ್ನೊಂದು ಕುರಿಯ ಕಾಲು. ಓದುವವನಿಗೆ ತಪ್ಪು ಎಂದು ಅನುಮಾನ ಬರುವುದೇ ಇಲ್ಲ, ಯಾಕೆಂದರೆ ಎರಡೂ ನಿಜವಾದ ಅಡುಗೆ. ಉತ್ತರದ ಥಾಲಿಯನ್ನು ಕನ್ನಡದಲ್ಲಿ ಬರೆಯುವಾಗ ಎಡವಿ ‘ಸ್ಪೆಷಲ್ ತಾಳಿ 120 ರೂ.’ ಎಂದು ಹಾಕಿದರೆ, ಆ ಬೆಲೆಗೆ ಮದುವೆಯೇ ಮುಗಿದಂತೆ. ಇನ್ನು ‘ಆರ್ಡರ್ ಹೇಳಿ’ ಎಂಬಲ್ಲಿ ಳ ಜಾಗಕ್ಕೆ ಲ ಬಂದರೆ ಏನಾಗುತ್ತದೆ ಎಂಬುದನ್ನು ಇಲ್ಲಿ ಬರೆಯುವುದು ಬೇಡ, ಮನಸ್ಸಿನಲ್ಲೇ ಒಮ್ಮೆ ಓದಿಕೊಳ್ಳಿ.

ಎರಡನೆಯದು ಅ ಮತ್ತು ಹ. ಮಾತಿನಲ್ಲಿ ಹಕಾರ ಬಿಡುವ ರೂಢಿ ಇರುವ ಕಡೆ ಹಾಲು ‘ಆಲು’ ಆಗುತ್ತದೆ. ತಿದ್ದಲು ಹೋದವನು ಅತಿ ಎಚ್ಚರದಿಂದ ಅಕ್ಕಿ ರೊಟ್ಟಿಯನ್ನು ‘ಹಕ್ಕಿ ರೊಟ್ಟಿ’ ಮಾಡುತ್ತಾನೆ, ಆಲೂ ಪರೋಟವನ್ನು ‘ಹಾಲು ಪರೋಟ’ ಮಾಡುತ್ತಾನೆ. ಮೂರನೆಯದು ಶ, ಷ, ಸ. ‘ಇಂದಿನ ವಿಷೇಶ’ ಎಂದು ಬರೆದ ಹಲಗೆಯಲ್ಲಿ ಮೊದಲ ಎರಡಕ್ಷರ ಏನು ಹೇಳುತ್ತದೆ ನೋಡಿ: ವಿಷ. ಸರಿಯಾದ ರೂಪ ವಿಶೇಷ, ಮೊದಲು ಶ, ಆಮೇಲೆ ಷ.

ಹೋಟೆಲಿನವರು ಗೋಡೆಗೆ ಅಂಟಿಸಿಟ್ಟುಕೊಳ್ಳಬೇಕಾದ ಇನ್ನೂ ಮೂರು ಪದಗಳಿವೆ. ತಿಂಡಿ ಎಂಬ ಅರ್ಥಕ್ಕೆ ಉಪಾಹಾರ. ಉಪಹಾರ ಎಂದರೆ ಕಾಣಿಕೆ. ‘ಉಪಹಾರ ಗೃಹ’ದಲ್ಲಿ ಇಡ್ಲಿಗೆ ದುಡ್ಡು ಕೇಳುವುದು ನ್ಯಾಯವಲ್ಲ. ಸಸ್ಯ ಮತ್ತು ಆಹಾರ ಸೇರಿದರೆ ಸಸ್ಯಾಹಾರಿ, ದೀರ್ಘ ಬೇಕೇ ಬೇಕು. ‘ಸಸ್ಯಹಾರಿ’ ಎಂದರೆ ಗಿಡ ಕದ್ದೊಯ್ಯುವವನು ಎಂದಾಗುತ್ತದೆ. ತರಕಾರಿಯ ಶಾಕದಿಂದ ಬಂದದ್ದು ಶಾಕಾಹಾರಿ. ಅದಕ್ಕೆ ಮಹಾಪ್ರಾಣ ಕೊಟ್ಟು ‘ಶಾಖಾಹಾರಿ’ ಮಾಡಿದರೆ ಕೊಂಬೆ ತಿನ್ನುವವನು. ಹಾಗೆಯೇ ಹಳೇ ಮೈಸೂರಿನ ಕಡೆ ಪುರಿ ಎಂದರೆ ಮಂಡಕ್ಕಿ. ಪೂರಿ ಸಾಗು ಬರೆಯುವಾಗ ಪೂ ದೀರ್ಘ ಇರಲಿ, ಇಲ್ಲದಿದ್ದರೆ ಸಾಗುವಿಗೆ ಮಂಡಕ್ಕಿ ನೆಂಚಿಕೊಳ್ಳಬೇಕಾದೀತು. ಹೋಟೆಲ್, ಹೊಟೇಲ್, ಹೋಟಲ್ ಎಲ್ಲವೂ ಬಳಕೆಯಲ್ಲಿವೆ, ಜಗಳ ಬೇಡ. ಒಂದೇ ಬೋರ್ಡಿನಲ್ಲಿ ಮೂರನ್ನೂ ಹಾಕದಿದ್ದರೆ ಸಾಕು.

ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದಿದ್ದರೆ ಡಿಸೈನರಿಗೆ ಇಂಗ್ಲಿಷ್ ಸಾಲು ಕೊಟ್ಟು ‘ಕನ್ನಡದಲ್ಲಿ ಹಾಕಿಬಿಡಿ’ ಅನ್ನಬೇಡಿ. ಅವನು ಅದನ್ನು ಯಂತ್ರಾನುವಾದಕ್ಕೆ ಹಾಕುತ್ತಾನೆ, ಲೇಡೀಸ್ ಫಿಂಗರ್ ಫ್ರೈ ‘ಮಹಿಳೆಯರ ಬೆರಳು ಹುರಿದದ್ದು’ ಆಗಿ ಬರುವ ಅಪಾಯವಿದೆ. ಬೆಂಡೆಕಾಯಿ ಫ್ರೈ ಎಂದು ನೀವೇ ಬರೆದುಕೊಡಿ. ತಿರುಗಿ ಇಂಗ್ಲಿಷಿಗೆ ಹೋಗುವಾಗಲೂ ಇದೇ ಪಾಡು. 2024ರಲ್ಲಿ ಕೊಡಗಿನ ಹೆದ್ದಾರಿ ಫಲಕವೊಂದರಲ್ಲಿ ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬುದರ ಕೆಳಗೆ ‘ಅರ್ಜೆಂಟ್ ಮೇಕ್ ಆ್ಯನ್ ಆ್ಯಕ್ಸಿಡೆಂಟ್’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ತುರ್ತಾಗಿ ಒಂದು ಅಪಘಾತ ಮಾಡಿ ಎಂದ ಹಾಗೆ. ಇದು ನಮ್ಮಲ್ಲಿ ಮಾತ್ರ ಆಗುವುದಲ್ಲ. 2008ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದ ಸ್ವಾನ್‌ಸೀಯಲ್ಲಿ ರಸ್ತೆ ಫಲಕಕ್ಕೆ ವೆಲ್ಷ್ ಅನುವಾದ ಕೇಳಿ ಇಮೇಲ್ ಕಳಿಸಿದರು. ‘ನಾನೀಗ ಕಚೇರಿಯಲ್ಲಿಲ್ಲ’ ಎಂಬ ತಾನೇತಾನಾಗಿ ಬಂದ ಉತ್ತರವನ್ನೇ ಅನುವಾದವೆಂದು ತಿಳಿದು ಫಲಕದ ಮೇಲೆ ಬರೆಸಿ ರಸ್ತೆಯಲ್ಲಿ ನಿಲ್ಲಿಸಿದರು. ತನಗೆ ಬಾರದ ಭಾಷೆಯನ್ನು ಅಂಟಿಸುವವನಿಗೆ ಯಾವ ಸಾಲೂ ಒಂದೇ.

ವಾಟ್ಸಾಪಿನಲ್ಲಿ ಕಳಿಸುವಾಗ

ಕೈಬರಹದ ಫೋಟೊ ಕಳಿಸಬೇಡಿ. ಟೈಪ್ ಮಾಡಿ ಕಳಿಸಿ, ಮರು ಟೈಪ್ ಮಾಡದೆ ನಕಲು ಮಾಡಿ ಅಂಟಿಸಲು ಹೇಳಿ. ಕಳಿಸುವ ಮುನ್ನ ಎರಡು ಅಂಕಿಗಳನ್ನು ಹುಡುಕಿ: ೯ ಮತ್ತು ೦. ಅರ್ಕಾವತ್ತು ಎಲ್ಲಿದೆ ಎಂದು ತಿಳಿಯದೆ ಕನ್ನಡದ ಒಂಬತ್ತನ್ನು ಒತ್ತುವವರು, ಅನುಸ್ವಾರದ ಸೊನ್ನೆಯ ಬದಲು ಅಂಕಿಯ ಸೊನ್ನೆ ಹಾಕುವವರು ಬಹಳ. ‘ಸೂಯ೯’, ‘ಬೆ೦ಗಳೂರು’ ಎಂದು ಬರೆದರೆ ಮೊಬೈಲಿನಲ್ಲಿ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತದೆ. ಫಾಂಟ್ ಬದಲಾಗಿ ಅಂಕಿಗಳೆಲ್ಲ ಇಂಗ್ಲಿಷಿಗೆ ತಿರುಗಿದ ಕೂಡಲೇ ಅದು ‘ಸೂಯ9 ಮೆಡಿಕಲ್ಸ್, ಬೆ0ಗಳೂರು’ ಆಗಿ ಕಣ್ಣು ಬಿಡುತ್ತದೆ. ಸರಿಯಾದ ಕ್ರಮ: ಮೊದಲು ರ, ಆಮೇಲೆ ಹಲಂತ, ಆಮೇಲೆ ಯ. ಅರ್ಕಾವತ್ತು ತಾನಾಗಿ ಹಿಂದಕ್ಕೆ ಹೋಗಿ ಕೂರುತ್ತದೆ.

ಇನ್ನೊಂದು ತೊಡಕು ಇಂಗ್ಲಿಷ್ ಪದಗಳದ್ದು. ಹಾರ್ಡ್‌ವೇರ್ ಎಂದು ಬರೆಯಲು ಡ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಒಂದು ತಡೆ ಬೇಕು. ಅದಿಲ್ಲದಿದ್ದರೆ ‘ಹಾರ್ಡ್ವೇರ್’ ಎಂದು ವ ಒತ್ತಾಗಿ ಕೆಳಗಿಳಿಯುತ್ತದೆ. ವರ್ಕ್‌ಶಾಪ್, ಸಾಫ್ಟ್‌ವೇರ್ ಕೂಡ ಹೀಗೇ. ನಿಮ್ಮ ಕೀಲಿಮಣೆಯಲ್ಲಿ ಆ ತಡೆ ಸಿಗದಿದ್ದರೆ ಸರಿಯಾಗಿ ಬರೆದ ಪದವನ್ನು ಎಲ್ಲಿಂದಾದರೂ ನಕಲು ಮಾಡಿ. ತಡೆಯೂ ಜೊತೆಗೇ ಬರುತ್ತದೆ.

ಡಿಸೈನರ್ ಕಂಪ್ಯೂಟರಿನಲ್ಲಿ

ಅಕ್ಷರ ಒಡೆಯುವುದು ಇಲ್ಲೇ. ಎಷ್ಟೋ ಫ್ಲೆಕ್ಸ್ ಅಂಗಡಿಗಳಲ್ಲಿ ಇಂದಿಗೂ ಹಳೆಯ ಕೋರೆಲ್‌ಡ್ರಾ, ಹಳೆಯ ಫೋಟೊಶಾಪ್ ನಡೆಯುತ್ತಿವೆ. ಅವುಗಳಿಗೆ ಯೂನಿಕೋಡ್ ಕನ್ನಡ, ಅಂದರೆ ಮೊಬೈಲಿನಲ್ಲಿ ಟೈಪ್ ಮಾಡುವ ಕನ್ನಡ, ಅಂಟಿಸಿದರೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ: ಅಣ್ಣ ‘ಅಣ್‌ಣ’, ಲಕ್ಷ್ಮೀ ‘ಲಕ್‌ಷ್‌ಮೀ’. ಕೆಲಸಕ್ಕೆ ಮುಂಚೆ ಈ ಒಂದು ಸಾಲನ್ನು ಅಂಟಿಸಿ ತೋರಿಸಲು ಹೇಳಿ:

ಶ್ರೀ ಲಕ್ಷ್ಮೀ ಎಲೆಕ್ಟ್ರಿಕಲ್ಸ್, ಸೂರ್ಯ ಕಾರ್ಪೊರೇಷನ್, ತೃಪ್ತಿ ಹಾರ್ಡ್‌ವೇರ್

‘ಕ್ಟ್ರಿ’ಯಲ್ಲಿ ಟ ಮತ್ತು ರ ಎರಡೂ ಒತ್ತಾಗಿ ಕ ಕೆಳಗೆ ನಿಲ್ಲಬೇಕು. ‘ರ್ಪೊ’ದಲ್ಲಿ ಅರ್ಕಾವತ್ತು ಪೊ ಆದಮೇಲೆ ಬರಬೇಕು, ಮುಂಚೆಯೇ ‘ರ್’ ಎಂದು ನಿಂತರೆ ತಂತ್ರಾಂಶ ಜೋಡಣೆ ಮಾಡುತ್ತಿಲ್ಲ. ಚುಕ್ಕಿಗಳ ಉಂಗುರವೊಂದು ಕಂಡರೆ ಗುಣಿತದ ಚಿಹ್ನೆ ತನ್ನ ಅಕ್ಷರವನ್ನು ಕಳೆದುಕೊಂಡಿದೆ ಎಂದರ್ಥ.

ಒಡೆದರೆ ದಾರಿ ಎರಡು. ಫೋಟೊಶಾಪ್ ಸ್ವಲ್ಪ ಹೊಸದಾಗಿದ್ದರೆ ಪ್ರಿಫರೆನ್ಸಸ್‌ನ ಟೈಪ್ ಪುಟದಲ್ಲಿ ಟೆಕ್ಸ್ಟ್ ಎಂಜಿನ್ ಆಯ್ಕೆಯನ್ನು ‘ಮಿಡ್ಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್’ ಅಥವಾ ‘ವರ್ಲ್ಡ್-ರೆಡಿ’ ಮಾಡಬೇಕು. ಇಲಸ್ಟ್ರೇಟರಿನಲ್ಲಿ ಅದೇ ಜಾಗದಲ್ಲಿ ‘ಶೋ ಇಂಡಿಕ್ ಆಪ್ಷನ್ಸ್’ ಗುರುತು ಹಾಕಬೇಕು. ಉಚಿತವಾಗಿ ಸಿಗುವ ಇಂಕ್‌ಸ್ಕೇಪಿನಲ್ಲಿ ಈ ರಗಳೆಯೇ ಇಲ್ಲ: ಅಲ್ಲಿ ಬರೆದು, ಅಕ್ಷರಗಳನ್ನು ಆಕಾರಗಳಾಗಿ ಬದಲಿಸಿ, ಪಿಡಿಎಫ್ ಮಾಡಿ ಕೋರೆಲ್‌ಗೆ ಒಯ್ಯಬಹುದು.

ಎರಡನೆಯ ದಾರಿ ಪರಿವರ್ತಕ ಬಳಸಿ ಯೂನಿಕೋಡನ್ನು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಸಂಕೇತಕ್ಕೆ ಇಳಿಸುವುದು. ಈ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಣುಕುಗಳನ್ನು ಬಾಡಿಗೆಗೆ ಇಟ್ಟ ಹಾಗೆ. ಅದಕ್ಕೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ರೋಮನ್ ಅಕ್ಷರಗಳ ಸಂತೆ ಕಾಣುತ್ತದೆ, ಅದನ್ನು ಹಾಗೇ ಪ್ರಿಂಟ್ ಹಾಕಿದವರೂ ಇದ್ದಾರೆ. ಅದೇ ಸಾಲಿನಲ್ಲಿ ಎಸಿ, ಎಟಿಎಂ ಎಂದು ಇಂಗ್ಲಿಷಿನಲ್ಲಿದ್ದರೆ ಅವು ಅರ್ಥವಿಲ್ಲದ ಕನ್ನಡ ತುಣುಕುಗಳಾಗುತ್ತವೆ. ಇಂಗ್ಲಿಷ್ ಪದಗಳನ್ನೂ ಫೋನ್ ನಂಬರನ್ನೂ ಬೇರೆ ಡಬ್ಬಿಯಲ್ಲಿ, ಬೇರೆ ಫಾಂಟಿನಲ್ಲಿ ಹಾಕಿಸಿ. ಪರಿವರ್ತನೆ ಆದಮೇಲೆ ಅರ್ಕಾವತ್ತುಗಳನ್ನು ಒಂದೊಂದಾಗಿ ಕಣ್ಣಾಡಿಸಿ.

ಎಲ್ಲ ಸರಿಯಾದ ಮೇಲೆ ಅಕ್ಷರವನ್ನು ಕರ್ವ್ಸ್ ಮಾಡಿಸದೆ ಫೈಲ್ ಹೊರಗೆ ಬಿಡಬೇಡಿ. ಕೋರೆಲ್‌ನಲ್ಲಿ ಕಂಟ್ರೋಲ್-ಕ್ಯೂ, ಇಲಸ್ಟ್ರೇಟರಿನಲ್ಲಿ ಕಂಟ್ರೋಲ್-ಶಿಫ್ಟ್-ಓ. ಆಮೇಲೆ ಅದು ಬರೀ ಚಿತ್ರ, ಯಾವ ಮೆಷಿನ್ನಿಗೆ ಹೋದರೂ ಫಾಂಟ್ ಬದಲಾಗುವುದಿಲ್ಲ. ಕರ್ವ್ಸ್ ಮಾಡದ ಒಂದು ಪ್ರತಿಯನ್ನೂ ಇಟ್ಟುಕೊಳ್ಳಲಿ, ತಿದ್ದಲು ಬೇಕಾಗುತ್ತದೆ.

‘ಬೇಡಿ’ ಎಲ್ಲಿ ಬೀಳುತ್ತದೆ

ಕನ್ನಡದಲ್ಲಿ ‘ಬೇಡ’ ಎನ್ನುವುದು ವಾಕ್ಯದ ಬಾಲದಲ್ಲಿರುತ್ತದೆ. ನಿಲ್ಲಿಸಬೇಡಿ, ಉಗುಳಬಾರದು, ಪ್ರವೇಶವಿಲ್ಲ. ಬೋರ್ಡಿನಲ್ಲಿ ಆ ಬಾಲ ಬಂದು ಬೀಳುವುದು ಬಲತುದಿಗೆ ಅಥವಾ ಕೆಳಸಾಲಿಗೆ. ಸ್ಕೂಟರ್ ಮರೆಮಾಡುವುದು, ಫ್ಲೆಕ್ಸ್ ಹರಿಯುವುದು, ಸಿನಿಮಾ ಪೋಸ್ಟರ್ ಅಂಟುವುದು ಅಲ್ಲೇ. ಇಂಗ್ಲಿಷಿನ ‘ನೋ ಪಾರ್ಕಿಂಗ್’ ಅರ್ಧ ಹರಿದರೂ ‘ನೋ’ ಉಳಿಯುತ್ತದೆ. ನಮ್ಮದು ಅರ್ಧ ಹರಿದರೆ ಆಹ್ವಾನ ಪತ್ರಿಕೆ.

ಎರಡು ಬಾಗಿಲಿನ ಗೇಟನ್ನೇ ನೋಡಿ. ಎಡ ಬಾಗಿಲು ದೊಡ್ಡದು, ಬಲ ಬಾಗಿಲು ಚಿಕ್ಕದು. ಅಡ್ಡಲಾಗಿ ‘ಇಲ್ಲಿ ವಾಹನ ನಿಲ್ಲಿಸಬೇಡಿ’ ಎಂದು ಬರೆಸಿದ್ದಾರೆ. ಬಲ ಬಾಗಿಲು ತೆರೆದರೆ ಎಡದಲ್ಲಿ ಉಳಿಯುವುದು ‘ಇಲ್ಲಿ ವಾಹನ ನಿಲ್ಲಿಸ’. ಎಡ ಬಾಗಿಲು ತೆರೆದರೆ ಬಲದಲ್ಲಿ ‘ಬೇಡಿ’ ಒಂದೇ ನಿಂತು ಯಾರನ್ನೋ ಭಿಕ್ಷೆಗೆ ಕಳಿಸುತ್ತಿರುತ್ತದೆ. ಗೇಟಿನ ಮೇಲೆ ಬರೆಸುವುದಾದರೆ ಪ್ರತಿ ಬಾಗಿಲಿಗೂ ಇಡೀ ವಾಕ್ಯ ಬರಬೇಕು, ಇಲ್ಲವೇ ವಾಕ್ಯವನ್ನೇ ತಿರುಗಿಸಬೇಕು: ‘ಗೇಟಿಗೆ ದಾರಿ ಬಿಡಿ’. ಇದನ್ನು ಎಲ್ಲಿ ಕತ್ತರಿಸಿದರೂ ಅರ್ಥ ಉಲ್ಟಾ ಆಗುವುದಿಲ್ಲ. ‘ಕಸ ಹಾಕಬೇಡಿ’ ಬದಲು ‘ಕಸ ತೊಟ್ಟಿಗೇ ಹಾಕಿ’. ನಿಷೇಧವೇ ಬೇಕೆಂದರೆ ಅಡ್ಡಗೆರೆಯ ಕೆಂಪು ವೃತ್ತವನ್ನು ಎಡಗಡೆ, ಮೊದಲು ಕಣ್ಣಿಗೆ ಬೀಳುವ ಜಾಗದಲ್ಲಿ ಇಡಿಸಿ.

ಇದಕ್ಕೆ ಅಂಟಿಕೊಂಡದ್ದು ಸಾಲು ಮುರಿಯುವ ವಿಷಯ. ಜಾಗ ಸಾಲದೆ ‘ನಿಲ್ಲಿಸ’ ಒಂದು ಸಾಲಿಗೂ ‘ಬೇಡಿ’ ಇನ್ನೊಂದಕ್ಕೂ ಹೋಗದಂತೆ ನೋಡಿಕೊಳ್ಳಿ. ಇಡೀ ಕ್ರಿಯಾಪದ ಒಂದೇ ಸಾಲಿನಲ್ಲಿರಲಿ. ರೋಲಿಂಗ್ ಶಟರ್ ಮೇಲೆ ಫೋನ್ ನಂಬರ್ ಬರೆಸುವವರು ಒಂದು ಯೋಚಿಸಬೇಕು: ಅಂಗಡಿ ತೆರೆದಿರುವಷ್ಟು ಹೊತ್ತೂ ಅದು ಮೇಲೆ ಸುತ್ತಿಕೊಂಡಿರುತ್ತದೆ. ಮುಚ್ಚಿದಾಗ ಕರೆ ಮಾಡಲಿ ಎಂಬುದೇ ಉದ್ದೇಶವಾದರೆ ಸರಿ.

ಅಳತೆ ಮತ್ತು ಫಾಂಟ್

2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ಬಂದ ತಿದ್ದುಪಡಿಯಂತೆ ಕರ್ನಾಟಕದಲ್ಲಿ ಅಂಗಡಿ-ಮುಂಗಟ್ಟುಗಳ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. 10 ಅಡಿ ಅಗಲ, 3 ಅಡಿ ಎತ್ತರದ ಬೋರ್ಡಿನಲ್ಲಿ ಎಂದರೆ 36 ಇಂಚಿನಲ್ಲಿ ಮೇಲಿನ 21.6 ಇಂಚು. ಕೇಳಲು ಧಾರಾಳ, ಆದರೆ ಕನ್ನಡಕ್ಕೆ ಮೇಲೆ ಗುಡಿಸು ಬೇಕು, ಕೆಳಗೆ ಒತ್ತು ಬೇಕು. ಹಾಗಾಗಿ ‘ಎಲೆಕ್ಟ್ರಿಕಲ್ಸ್’ನಂಥ ಪದದಲ್ಲಿ ಬರಿಯ ಅಕ್ಷರದ ಮೈ 10 ಇಂಚು ಇಟ್ಟರೆ ಗುಡಿಸಿಗೆ 3, ಒತ್ತಿಗೆ 6, ಅಂಚಿಗೆ 2 ಇಂಚು ಹೋಗಿ ಜಾಗ ಮುಗಿಯುತ್ತದೆ. ಅಂದರೆ ಅಕ್ಷರದ ಮೈ ಪಟ್ಟಿಯ ಅರ್ಧಕ್ಕಿಂತ ಕಡಿಮೆ. ಈ ಲೆಕ್ಕ ಹಾಕದ ಡಿಸೈನರ್ ಇಂಗ್ಲಿಷಿನ ಅಳತೆಗೆ ಕನ್ನಡವನ್ನು ತುರುಕಿ ಒತ್ತುಗಳನ್ನು ಚೌಕಟ್ಟಿನ ಕೆಳಗೆ ಕತ್ತರಿಸುತ್ತಾನೆ.

ಬೋರ್ಡಿನವರ ಅಂದಾಜಿನಲ್ಲಿ ಪ್ರತಿ 10 ಅಡಿ ದೂರಕ್ಕೆ 1 ಇಂಚು ಅಕ್ಷರ ಇದ್ದರೆ ಆರಾಮಾಗಿ ಓದಬಹುದು. ಕನ್ನಡದಲ್ಲಿ ಆ ಇಂಚನ್ನು ‘ನ’ ಥರದ ಬರಿಯ ಅಕ್ಷರದ ಮೇಲೆ ಅಳೆಯಿರಿ, ಫಾಂಟ್ ಸೈಜಿನ ಮೇಲಲ್ಲ.

ದಪ್ಪ ಫಾಂಟಿಗೆ ಮೂರು ಸುತ್ತು ಔಟ್‌ಲೈನು, ಅದರ ಮೇಲೆ ನೆರಳು, ಹಬ್ಬದ ಫ್ಲೆಕ್ಸಿನ ಈ ಶೈಲಿಗೆ ಮೊದಲ ಬಲಿ ಮಹಾಪ್ರಾಣ. ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ ನಡುವಿನ ವ್ಯತ್ಯಾಸ ಕೆಳಗಿನ ಒಂದು ಚಿಕ್ಕ ಗೀಟು ಮಾತ್ರ. ಔಟ್‌ಲೈನ್ ದಪ್ಪಗಾದ ಹಾಗೆ ಗೀಟು ಮುಚ್ಚಿಹೋಗಿ ಧನಲಕ್ಷ್ಮಿ ಫೈನಾನ್ಸ್ ‘ದನಲಕ್ಷ್ಮಿ ಫೈನಾನ್ಸ್’ ಆಗುತ್ತದೆ. ಹೆಸರಿನಲ್ಲಿ ಮಹಾಪ್ರಾಣ ಇದ್ದರೆ ಒಂದೇ ಔಟ್‌ಲೈನ್ ಸಾಕು. ಅನೇಕ್ ಕನ್ನಡ, ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ ಮುಂತಾದ ಉಚಿತ ಫಾಂಟುಗಳಿವೆ. ಹೆಸರು ಉದ್ದವಾಗಿದ್ದರೆ ಅನೇಕ್ ಒಳ್ಳೆಯದು. ಅದರಲ್ಲೇ ಕಿರಿದಾದ ರೂಪ ಇರುವುದರಿಂದ ಅಕ್ಷರವನ್ನು ಹಿಡಿದು ಹಿಂಡುವ ಅಗತ್ಯ ಬೀಳುವುದಿಲ್ಲ.

ಮೆಷಿನ್ನು, ಆಮೇಲೆ ಏಣಿ

ಸ್ಟಿಕರ್ ಕತ್ತರಿಸುವ ಪ್ಲಾಟರಿಗೆ ಕೊಡುವ ಮುನ್ನ ಅಕ್ಷರದ ತುಣುಕುಗಳನ್ನು ವೆಲ್ಡ್ ಮಾಡಿಸಿ, ಅಂದರೆ ಒಂದೇ ಆಕಾರವಾಗಿ ಕೂಡಿಸಿ. ಹಳೆಯ ಕನ್ನಡ ಫಾಂಟುಗಳಲ್ಲಿ ತಲೆಕಟ್ಟು, ಮೈ, ದೀರ್ಘ ಒಂದರ ಮೇಲೊಂದು ಹತ್ತಿ ಕೂತಿರುತ್ತವೆ. ಬ್ಲೇಡು ಪ್ರತಿ ಗೆರೆಯನ್ನೂ ಕತ್ತರಿಸುವುದರಿಂದ ಅಕ್ಷರದ ನಡುವೆಯೇ ಸೀಳು ಬಿದ್ದು, ಸುಲಿಯುವಾಗ ದೀರ್ಘ ಕೈಗೆ ಬರುತ್ತದೆ. ಗಾಜಿನ ಒಳಗಿನಿಂದ ಅಂಟಿಸುವ ಸ್ಟಿಕರ್ ಕನ್ನಡಿಬಿಂಬವಾಗಿ ಕತ್ತರಿಸಬೇಕು, ಹೊರಗಿನಿಂದಾದರೆ ಬೇಡ. ಯಾವ ಕಡೆಯಿಂದ ಎಂದು ಆರ್ಡರಿನಲ್ಲೇ ಬರೆಯಿರಿ. ಕನ್ನಡ ಓದಲು ಬಾರದ ಕೆಲಸಗಾರನಿಗೆ ತಿರುಗಿದ ‘ತಳ್ಳಿ’ ಕೂಡ ಸರಿಯಾಗಿಯೇ ಕಾಣುತ್ತದೆ.

ಎಸಿಪಿ ಎಂಬ ಅಲ್ಯೂಮಿನಿಯಂ ಹೊದಿಕೆಯ ಹಾಳೆಯ ಮೇಲೆ ಎದ್ದು ನಿಲ್ಲುವ ಅಕ್ರಿಲಿಕ್ ಅಕ್ಷರಗಳಲ್ಲಿ ಒತ್ತು, ದೀರ್ಘ, ಸೊನ್ನೆ ಬಿಡಿ ತುಂಡುಗಳಾಗಿ ಬರುತ್ತವೆ. ಚಿಕ್ಕವಾದ್ದರಿಂದ ಅಂಟು ಕಡಿಮೆ, ಬಿಸಿಲಿಗೆ ಮೊದಲು ಉದುರುವುದೂ ಅವೇ. ಸೀರೆ ಅಂಗಡಿಯ ದೀರ್ಘ ಬಿದ್ದರೆ ಅದು ‘ಸಿರೆ ಅಂಗಡಿ’, ಇಂಜೆಕ್ಷನ್ ಕೊಡುವ ಜಾಗ. ಒತ್ತನ್ನು ತನ್ನ ಅಕ್ಷರಕ್ಕೆ 4–5 ಮಿಲಿಮೀಟರ್ ಸೇತುವೆಯಿಂದ ಸೇರಿಸಿಯೇ ಕತ್ತರಿಸಲು ಹೇಳಿ. ಆಗದಿದ್ದರೆ ಪ್ರತಿ ತುಂಡಿನ ಹಿಂದೆ ಸಂಖ್ಯೆ ಬರೆಸಿ, ನಿಜ ಅಳತೆಯ ಕಾಗದದ ನಕ್ಷೆಯನ್ನು ಹಾಳೆಯ ಮೇಲೆ ಹರವಿ ಅದರ ಗುರುತಿನ ಮೇಲೇ ಅಂಟಿಸಬೇಕು. ಒಳಗೆ ಎಲ್‌ಇಡಿ ಇದ್ದರೆ ಒತ್ತಿನ ದೀಪವೂ ಅಕ್ಷರದ ದೀಪವೂ ಒಂದೇ ಸಂಪರ್ಕದಲ್ಲಿರಲಿ. ಕೆಟ್ಟರೆ ಎರಡೂ ಒಟ್ಟಿಗೆ ಆರುತ್ತವೆ. ಹಳ್ಳಿ ಊಟ ರಾತ್ರಿ ಹೊತ್ತು ‘ಹಳಿ ಊಟ’ ಆಗಿ ರೈಲ್ವೆ ಕ್ಯಾಂಟೀನಿನ ಹಾಗೆ ಕಾಣುವುದಿಲ್ಲ.

ಒಪ್ಪಿಗೆ ಕೊಡುವ ಮುನ್ನ

ಡಿಸೈನನ್ನು ಮೊಬೈಲಿನಲ್ಲಿ ನೋಡಿ ‘ಓಕೆ’ ಎಂದು ಕಳಿಸುವುದೇ ದೊಡ್ಡ ತಪ್ಪು, ಆ ‘ಓಕೆ’ ಆಮೇಲೆ ನಿಮ್ಮ ವಿರುದ್ಧದ ಸಾಕ್ಷಿ. ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು ಕೊನೆಯ ಪದದಿಂದ ಮೊದಲ ಪದಕ್ಕೆ ಹಿಂದುಮುಂದಾಗಿ ಓದಿ. ಸಾಲಾಗಿ ಓದಿದರೆ ಗೊತ್ತಿರುವ ಮಾತನ್ನು ಮನಸ್ಸು ತಾನೇ ತಿದ್ದಿಕೊಂಡುಬಿಡುತ್ತದೆ. ಆಮೇಲೆ ನಾಲ್ಕನೇ ಕ್ಲಾಸಿನ ಒಂದು ಮಗುವಿನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಮಕ್ಕಳು ಅಕ್ಷರ ಕೂಡಿಸಿ ಓದುತ್ತಾರೆ, ಊಹಿಸುವುದಿಲ್ಲ. ಫೋನ್ ನಂಬರಿಗೆ ಓದುವುದು ಸಾಲದು, ಆ ಹಾಳೆ ನೋಡಿಕೊಂಡು ಕರೆ ಮಾಡಿ. ತಪ್ಪಾದರೆ ಮರು ಪ್ರಿಂಟಿನ ಖರ್ಚು ಯಾರದು ಎಂಬುದನ್ನು ಮುಂಗಡ ಕೊಡುವಾಗಲೇ ಬಿಲ್ಲಿನ ಮೇಲೆ ಬರೆಸಿ.

ಇಷ್ಟಾದರೂ ತಪ್ಪು ಗೋಡೆ ಹತ್ತಿದ್ದರೆ ಇಡೀ ಬೋರ್ಡು ಇಳಿಸಬೇಕಿಲ್ಲ. ಫ್ಲೆಕ್ಸಿನ ಮೇಲೆ ಅದೇ ಫೈಲಿನಿಂದ, ಅದೇ ಹಿನ್ನೆಲೆ ಬಣ್ಣದಲ್ಲಿ ವಿನೈಲ್ ತೇಪೆ ಮುದ್ರಿಸಿ ಅಂಟಿಸಬಹುದು. ತೇಪೆ ಇಡೀ ಪದದಷ್ಟಿರಲಿ. ಒತ್ತಿನ ಮೇಲೆ ಮಾತ್ರ ಅಂಟಿಸಿದ ತುಣುಕು ಬಿಸಿಲಲ್ಲಿ ಬೇರೆ ಬಣ್ಣಕ್ಕೆ ತಿರುಗಿ ‘ತಪ್ಪು ಇಲ್ಲಿತ್ತು’ ಎಂದು ತೋರಿಸುತ್ತಿರುತ್ತದೆ. ಅಂಟಿಸುವ ಮುನ್ನ ಧೂಳು ಒರೆಸಿ, ಸ್ಪಿರಿಟ್ ಹಚ್ಚಿ ಒಣಗಲು ಬಿಡಿ. ಅಕ್ರಿಲಿಕ್ ಅಕ್ಷರವಾದರೆ ಹೇರ್ ಡ್ರೈಯರಿನಿಂದ ಹಿಂದಿನ ಟೇಪನ್ನು ಬೆಚ್ಚಗೆ ಮಾಡಿ, ಮೀನು ಹಿಡಿಯುವ ನೈಲಾನ್ ದಾರವನ್ನು ಹಾಳೆಗೂ ಅಕ್ಷರಕ್ಕೂ ನಡುವೆ ಗರಗಸದಂತೆ ಎಳೆದರೆ ಹಾಳೆಗೆ ಗೀರು ಬೀಳದೆ ಬಿಡಿಸಿಕೊಳ್ಳುತ್ತದೆ. ಹೊಸ ಅಕ್ಷರ ಮಾಡಿಸುವಾಗಲೇ ಬೋರ್ಡಿನಲ್ಲಿರುವ ಒತ್ತು, ದೀರ್ಘಗಳ ಇನ್ನೊಂದು ಜೊತೆಯನ್ನೂ ಕತ್ತರಿಸಿಟ್ಟುಕೊಳ್ಳಿ; ಮುಂದಿನ ಮಳೆಗಾಲದಲ್ಲಿ ಬೀಳುವ ತುಂಡುಗಳು ಅವೇ.